ಬೋವಾದ ಕುಲ, ಮಣ್ಣುಮುಕ್ಕನ ತೂಕ

ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದ ರೈತ ಮೊದಲು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಅಷ್ಟಾದರೂ 'ಯಾವ ಹೋರಿಯ ಕರು?' ಎಂದು ಕೇಳದೆ ವ್ಯವಹಾರ ಮುಗಿಸುವುದಿಲ್ಲ. ರಾಯಬಾಗ, ಅಥಣಿ, ಚಿಕ್ಕೋಡಿಯ ಮಂದಿಗೆ ಖಿಲಾರಿಯ ಕುಲ ಯಾವುದು, ಬೆರಕೆ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದೇ ಪ್ರಶ್ನೆಯನ್ನು ಹಾವಿನ ಬಗ್ಗೆಯೂ ಕೇಳುವವರಿದ್ದಾರೆ ಎಂದರೆ ಅವರಿಗೂ ಆಶ್ಚರ್ಯವಾದೀತು.

ಆ ಹಾವಿನ ಹೆಸರು ಬೋವಾ. ಮೆಕ್ಸಿಕೋದಿಂದ ಅರ್ಜೆಂಟೀನಾದವರೆಗಿನ ನಾಡುಗಳಲ್ಲಿ ಇದರ ವಾಸ. ವಿಷವಿಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುತ್ತದೆ. ನೋಡಲು ನಮ್ಮ ಹೆಬ್ಬಾವಿನಂತೆಯೇ ಕಂಡರೂ ಹೆಬ್ಬಾವು ಮೊಟ್ಟೆ ಇಡುತ್ತದೆ, ಬೋವಾ ಮರಿ ಹಾಕುತ್ತದೆ. ಅಮೆರಿಕ ಮತ್ತು ಯುರೋಪಿನಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸ ಹಳೆಯದು. ಅಂಥವರಲ್ಲಿ ಶ್ರದ್ಧೆಯುಳ್ಳವರು ಮರಿ ಕೊಳ್ಳುವ ಮುನ್ನ ಅದರ ಮೂಲ ಕೇಳುತ್ತಾರೆ: ಕೊಲಂಬಿಯಾದ್ದೋ, ಸುರಿನಾಮಿನದೋ, ಅರ್ಜೆಂಟೀನಾದ್ದೋ? ಪ್ರದೇಶ ಬದಲಾದಂತೆ ಈ ಹಾವಿನ ಮೈಬಣ್ಣ, ಚಿತ್ತಾರ, ಗಾತ್ರ ಎಲ್ಲವೂ ಬದಲಾಗುತ್ತವೆ. ಸಾವಿರಾರು ವರ್ಷ ಒಂದು ನೆಲಕ್ಕೆ ಹೊಂದಿಕೊಂಡು ಬಂದ ಗುಣ ಎರಡು ಕಡೆಯ ಹಾವುಗಳನ್ನು ಕೂಡಿಸಿದೊಡನೆ ಕಲಸಿಹೋಗುತ್ತದೆ.

ಹೊಂಡುರಾಸ್ ದೇಶದ ಕಡಲಾಚೆ ಕಾಯೋಸ್ ಕೊಚಿನೋಸ್ ಎಂಬ ಪುಟ್ಟ ದ್ವೀಪಗಳಿವೆ. ಅಲ್ಲಿಯ ಬೋವಾ ತನ್ನ ಬಳಗದಲ್ಲೇ ಕುಳ್ಳು, ಬಣ್ಣವೂ ಮಸುಕು. ಆ ಚೆಲುವೇ ಅದಕ್ಕೆ ಮುಳುವಾಯಿತು. 1980ರ ದಶಕದಲ್ಲಿ ವ್ಯಾಪಾರಿಗಳು ಅವನ್ನು ಹಿಡಿದು ಸಾಗಿಸಿದ ರಭಸಕ್ಕೆ ದ್ವೀಪದಲ್ಲಿ ಹಾವು ಕಾಣುವುದೇ ಅಪರೂಪವಾಯಿತು. ಮುಂದೆ ರಕ್ಷಣೆ ದೊರೆತು ಸಂಖ್ಯೆ ಚೇತರಿಸಿಕೊಂಡಿತೆನ್ನುವುದು ಸಮಾಧಾನದ ಮಾತು. ಒಂದು ವೇಳೆ ಅಳಿದೇ ಹೋಗಿದ್ದರೆ? ಸಾಕಿದ ಮರಿಗಳನ್ನು ಮರಳಿ ತಂದು ಬಿಡಬಹುದಿತ್ತು, ಅವು ಬೆರಕೆಯಾಗದೆ ಉಳಿದಿದ್ದರೆ ಮಾತ್ರ.

ಹಾಗಾದರೆ ಸಾಕುವವರು ಕಾಡಿನ ಹಾವನ್ನೇ ಏಕೆ ತರಿಸುತ್ತಾರೆ? 'ಹೊಸ ರಕ್ತ ಬೇಕು' ಎನ್ನುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಒಡಹುಟ್ಟಿದ ಎರಡು ಹಾವುಗಳನ್ನು ಕೂಡಿಸಿದರೆ, ಹುಟ್ಟುವ ಮರಿಯಲ್ಲಿ ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಹಿರಿಯನಿಂದ ಬಂದ ನಕಲುಗಳಾಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಡಗಿ ಕುಳಿತ ದೋಷಗಳು ಹೊರಬೀಳುವುದೇ ಹೀಗೆ. ಆದ್ದರಿಂದ ಶುದ್ಧತಳಿ ಎಂದರೆ ಒಂದೇ ಮನೆಯೊಳಗೆ ಸಂಬಂಧ ಬೆಳೆಸುತ್ತ ಹೋಗುವುದಲ್ಲ. ಒಂದೇ ಪ್ರದೇಶದ, ಬೇರೆ ಬೇರೆ ಮನೆತನದ ಜೋಡಿ ಬೇಕು.

ಅದಕ್ಕೆ ಕಾಡಿಗೇ ಕೈಹಾಕಬೇಕಿಲ್ಲ. ಮೃಗಾಲಯಗಳು ಪ್ರತಿ ಪ್ರಾಣಿಯ ತಂದೆತಾಯಿಯ ವಿವರ ಬರೆದಿಡುವ ವಂಶಾವಳಿ ಪುಸ್ತಕ ಇಟ್ಟುಕೊಂಡು, ತಮ್ಮತಮ್ಮಲ್ಲೇ ಪ್ರಾಣಿಗಳನ್ನು ಬದಲಾಯಿಸಿಕೊಳ್ಳುತ್ತವೆ. ಕಾಡಿನಿಂದ ಹಿಡಿದು ತಂದ ಹಾವಿನ ಜೊತೆಗೆ ಉಣ್ಣೆ, ಹೊಟ್ಟೆಹುಳುಗಳೂ ಬರುತ್ತವೆ. ಇನ್ನು, ಮೂಲ ತಿಳಿಯದ ಹಾವುಗಳನ್ನು ಒಟ್ಟಿಗಿಟ್ಟಲ್ಲಿ ಹರಡುವ ಒಂದು ಮಾರಕ ರೋಗವಿದೆ. ರೋಗ ತಗುಲಿದ ಹಾವು ತಿಂದದ್ದನ್ನು ಕಾರಿಕೊಳ್ಳುತ್ತದೆ, ತಲೆ ನೆಟ್ಟಗೆ ಹಿಡಿಯಲಾರದೆ ತಿರುಚಿಕೊಳ್ಳುತ್ತದೆ. ದಶಕಗಳ ಕಾಲ ಒಗಟಾಗಿದ್ದ ಇದರ ಹಿಂದೆ ಅರೆನಾ ಬಳಗದ ವೈರಸ್ ಇದೆಯೆಂದು ತಿಳಿದದ್ದು 2012ರಲ್ಲಿ. ಕೆಲವು ಬೋವಾಗಳು ಏನೂ ಲಕ್ಷಣ ತೋರದೆ ವರ್ಷಗಟ್ಟಲೆ ಈ ವೈರಸ್ಸನ್ನು ಹೊತ್ತಿರುತ್ತವೆ.

ಇದೆಲ್ಲ ದೂರದ ದೇಶದ ಕಥೆ ಎನ್ನುವಂತಿಲ್ಲ. 2024ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರಿಗೆ ಬಂದಿಳಿದ ಪ್ರಯಾಣಿಕನೊಬ್ಬನ ಚೀಲದಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದು 10 ಹಳದಿ ಅನಕೊಂಡಗಳು. ಅನಕೊಂಡವೂ ಬೋವಾ ಕುಟುಂಬದ್ದೇ. ಸಾಕಿದ ತಾಯಿಯ ಮರಿಗಳೋ, ದಕ್ಷಿಣ ಅಮೆರಿಕದ ಜೌಗಿನಲ್ಲಿ ಹಿಡಿದವೋ, ಚೀಲ ನೋಡಿ ಹೇಳುವುದು ಹೇಗೆ? ಇಂಥದ್ದಕ್ಕೆಂದೇ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಕೈ ಬದಲಾದರೂ ತಿಳಿಸಬೇಕು. 'ಯಾವ ಹೋರಿಯ ಕರು' ಎಂಬ ಜಾತ್ರೆಯ ಪ್ರಶ್ನೆ ಈಗ ಕಾನೂನಿನ ಪ್ರಶ್ನೆಯೂ ಆಗಿದೆ.

ಇನ್ನು ನಮ್ಮ ಹೊಲದ ಬೋವಾದ ವಿಷಯ. ಹೌದು, ನಮ್ಮಲ್ಲೂ ಒಂದಿದೆ. ಮಣ್ಣುಮುಕ್ಕ, ಎರಡು ತಲೆ ಹಾವು ಎಂದು ಕರೆಯುವುದು ಇದನ್ನೇ. ಕಾಗವಾಡ, ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಮಾಂಡೂಳ. ಮೂರು ಅಡಿಯಷ್ಟು ಬೆಳೆಯುವ, ಸಡಿಲ ಮಣ್ಣಿನಲ್ಲಿ ಹುದುಗಿರುವ ಸಾಧು ಜೀವಿ. ಇದೂ ಮರಿ ಹಾಕುವ ಹಾವೇ. ಇಲಿ ಇದರ ಊಟ. ಇಲಿಗಳಿಂದ ಬೆಳೆ ಕಳೆದುಕೊಂಡ ರೈತನಿಗೆ ಇದರ ಬೆಲೆ ಬೇರೆ ಹೇಳಬೇಕೆ? ಬಾಲ ಮೊಂಡಾಗಿದ್ದು, ಹೆದರಿದಾಗ ತಲೆಯನ್ನು ಸುರುಳಿಯೊಳಗೆ ಬಚ್ಚಿಟ್ಟು ಬಾಲವನ್ನೇ ಮುಂದೆ ಮಾಡುವುದರಿಂದ ಎರಡು ತಲೆಯ ಕಥೆ ಹುಟ್ಟಿತು. ಹಾವಾಡಿಗರು ಬಾಲಕ್ಕೆ ಕಾದ ಕಬ್ಬಿಣದಿಂದ ಕಣ್ಣಿನ ಗುರುತು ಹಾಕಿದ್ದೂ ಉಂಟು.

ವಿದೇಶಿ ಬೋವಾಕ್ಕೆ ಕುಲ ಕೇಳಿದರೆ, ಪಾಪ, ಇದಕ್ಕೆ ಕೇಳುವುದು ತೂಕ. ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ, ಇಷ್ಟು ಕಿಲೋ ತೂಗಿದರೆ ಇಷ್ಟು ಲಕ್ಷ ಎಂಬ ಮಾತು ನಂಬಿ ಓದುವ ಹುಡುಗರೂ ಗುದ್ದಲಿ ಹಿಡಿಯುತ್ತಾರೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಮೂರೂ ಜೈಲಿಗೆ ಕಳಿಸಬಲ್ಲ ಅಪರಾಧಗಳು. ತೂಕ ಹೆಚ್ಚಿಸಲೆಂದು ಹಾವಿನ ಬಾಯಿಗೆ ಲೋಹದ ಗುಂಡು ತುರುಕಿದ ವರದಿಗಳಿವೆ. 2016ರಿಂದ 2021ರವರೆಗೆ ದೇಶದಲ್ಲಿ ಈ ಹಾವನ್ನು ವಶಪಡಿಸಿಕೊಂಡ 172 ಪ್ರಕರಣಗಳನ್ನು ವನ್ಯಜೀವಿ ಸಂಸ್ಥೆಯೊಂದು ಲೆಕ್ಕ ಹಾಕಿತ್ತು. ರಾಜ್ಯಗಳ ಪೈಕಿ ಅತಿ ಹೆಚ್ಚು ಪ್ರಕರಣಗಳು ಪಕ್ಕದ ಮಹಾರಾಷ್ಟ್ರದಲ್ಲಿ.

ವಶಪಡಿಸಿಕೊಂಡ ಮೇಲೆ ಕುಲದ ಪ್ರಶ್ನೆ ಇಲ್ಲೂ ಎದುರಾಗುತ್ತದೆ. ನಿಪ್ಪಾಣಿಯ ಹೆದ್ದಾರಿಯಲ್ಲಿ ಒಂದು ಚೀಲ ಸಿಕ್ಕಿತೆನ್ನಿ. ಒಳಗಿನ ಹಾವು ಅಥಣಿಯ ಹೊಲದ್ದೋ, ಸೋಲಾಪುರದ ಕಡೆಯದೋ, ರಾಜಸ್ಥಾನದ ಮರಳಿನದೋ? ತಿಳಿಯದೆ ಹತ್ತಿರದ ಗುಡ್ಡಕ್ಕೆ ಬಿಟ್ಟರೆ ಅದು ಬದುಕುವುದೇ ಅನುಮಾನ. ಬದುಕಿದರೆ ಅಲ್ಲಿಯ ಹಾವುಗಳೊಂದಿಗೆ ಬೆರೆಯುತ್ತದೆ, ಚೀಲದಲ್ಲಿ ಹತ್ತಿಸಿಕೊಂಡ ರೋಗವನ್ನೂ ಹಂಚುತ್ತದೆ. ಆದ್ದರಿಂದ ಸಿಕ್ಕಿಬಿದ್ದವನ ಹೇಳಿಕೆಯಲ್ಲಿ ಕೊಂಡವನ ಹೆಸರು, ಕೇಳಿದ ಬೆಲೆಯ ಜೊತೆಗೆ ಇನ್ನೊಂದು ವಿವರವೂ ದಾಖಲಾಗಬೇಕು: ಹಾವನ್ನು ಅಗೆದು ತೆಗೆದದ್ದು ಯಾವ ಊರಿನ, ಯಾವ ಹೊಲದಲ್ಲಿ ಎಂಬುದು.