ಜೋಳದ ಹೊಲದಾಚೆಯ ಗೊಂಪಾ

ಲೊಕ್ಕನಹಳ್ಳಿ ದಾಟಿ ಒಡೆಯರಪಾಳ್ಯ ಹತ್ತಿರವಾಗುತ್ತಿದ್ದಂತೆ ಮುಸುಕಿನ ಜೋಳದ ಹೊಲಗಳ ನಡುವೆ ಐದು ಬಣ್ಣದ ಪತಾಕೆಗಳು ಕಾಣಿಸುತ್ತವೆ. ಗುಂಡ್ಲುಪೇಟೆ, ಚಾಮರಾಜನಗರದ ಜನ ಬೌದ್ಧ ಮಂದಿರ ನೋಡಬೇಕೆಂದರೆ ಬೈಲುಕುಪ್ಪೆಗೆ ಹೊರಡುತ್ತಾರೆ. ನಮ್ಮದೇ ಜಿಲ್ಲೆಯ ಹನೂರು ತಾಲ್ಲೂಕಿನ ಬೆಟ್ಟಗಳ ಮಡಿಲಲ್ಲಿ ಧೊಂಡೆನ್‌ಲಿಂಗ್ ಎಂಬ ಟಿಬೆಟನ್ನರ ನೆಲೆ ಇದೆಯೆಂಬುದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ನಿರಾಶ್ರಿತರಿಗೆ ನಮ್ಮ ರಾಜ್ಯದಲ್ಲಿ ಸಿಕ್ಕ ಐದು ನೆಲೆಗಳಲ್ಲಿ ಇದೂ ಒಂದು; ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದ್ದು. ಇಲ್ಲಿನ ಜೋಗ್‌ಚೆನ್ ಗೊಂಪಾ, ಅಂದರೆ ಮಠ, ಟಿಬೆಟನ್ ಬೌದ್ಧರ ನಿಂಗ್ಮಾ ಪಂಥಕ್ಕೆ ಸೇರಿದ್ದು. ಮೂಲ ಮಠ 17ನೇ ಶತಮಾನದಲ್ಲಿ ಪೂರ್ವ ಟಿಬೆಟ್‌ನ ಖಾಮ್‌ನಲ್ಲಿ ಹುಟ್ಟಿತು. ಇಲ್ಲಿಯದನ್ನು 1992ರಲ್ಲಿ ದಲೈ ಲಾಮಾ ಅವರೇ ಬಂದು ಉದ್ಘಾಟಿಸಿದರು.

ನಾನು ಹೋದಾಗ ಒಳಗಿನ ಪ್ರಾರ್ಥನೆಯ ನಗಾರಿ ಸದ್ದು ಎದೆಯೊಳಗೇ ಮೊಳಗಿದಂತಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊರಗೆ ಜಗಲಿಯ ಮೇಲೆ ಜಪಮಣಿ ಎಣಿಸುತ್ತ ಕೂತಿದ್ದ ಒಬ್ಬ ಹಿರಿಯರು. ಅವರ ಅಪ್ಪ ಹಿಮಾಲಯದಲ್ಲಿ ರಸ್ತೆ ಕೆಲಸ ಮಾಡುತ್ತಿದ್ದವರು. ಇವರು ಹುಡುಗನಾಗಿದ್ದಾಗ ಇಲ್ಲಿಗೆ ಬಂದವರು. ನಮ್ಮ ಕಡೆಯ ಕನ್ನಡವನ್ನು ನನಗಿಂತ ಚೆನ್ನಾಗಿ ಆಡುತ್ತಾರೆ.

“ಮಳೆ ಆದ್ರ ಜೋಳ ಸಾ, ಆಗ್ನಿಲ್ಲ ಅಂದ್ರ ಸ್ವೆಟರು” ಎಂದರು. ನೀರಾವರಿಯಿಲ್ಲದ ಭೂಮಿ. ಸುಗ್ಗಿ ಮುಗಿಸಿ ಚಳಿಗಾಲಕ್ಕೆ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೋಗುವುದು ಹಳೆಯ ರೂಢಿ. ಈಗ ಮಕ್ಕಳೆಲ್ಲ ಬೆಂಗಳೂರು, ವಿದೇಶ ಸೇರಿದ್ದಾರೆ. ತೆನೆ ಹಾಲು ತುಂಬುವ ಹೊತ್ತಿಗೆ ಕಾಡಿನಿಂದ ಆನೆಗಳು ಇಳಿಯುತ್ತವೆ. ರಾತ್ರಿಯಿಡೀ ಅಟ್ಟಣೆ ಮೇಲೆ ಟಾರ್ಚು, ತಗಡಿನ ಡಬ್ಬ, ಪಟಾಕಿ ಇಟ್ಟುಕೊಂಡು ಕಾಯುವವರು ಊರಲ್ಲಿ ಉಳಿದ ವಯಸ್ಸಾದವರೇ.

“ಆನೆಗ ನಾವೂ ಕೈ ಮುಗಿತೀವಿ. ಆದ್ರ ವರ್ಸದ ಅನ್ನವ ಒಂದೇ ರಾತ್ರಿಗ ತಿಂದ್ಬುಟ್ರ ಏನ್ ಮಾಡದು?” ಎಂದು ಆನೆ ತಡೆಯಲು ತೋಡಿದ ಕಂದಕ ತೋರಿಸಲು ಕರೆದೊಯ್ದರು. ಅರ್ಧ ಹೂಳು ತುಂಬಿದೆ, ದನವೂ ದಾಟೀತು. ಸೋಲಾರ್ ಬೇಲಿಯ ತಂತಿ ನೆಲಕ್ಕೆ ಬಿದ್ದಿದೆ. ಪಕ್ಕದ ಕನ್ನಡದ ರೈತರು, ಸೋಲಿಗರ ಪಾಡೂ ಇದೇ ಎಂದು ಅವರೇ ಹೇಳಿದರು. ನಾಡಿಲ್ಲದೆ ಬಂದು ಮಣ್ಣು ಹದ ಮಾಡಿದವರು ಮುಪ್ಪಿನಲ್ಲಿ ನಿದ್ದೆಗೆಟ್ಟು ಕೂರುವುದು ನೋಡಿ ಸಂಕಟವಾಯಿತು.

ಗೊಂಪಾ ನೋಡಲು ಖಂಡಿತ ಹೋಗಿ, ಕೊಳ್ಳೇಗಾಲದಿಂದ ದಾರಿಯಿದೆ. ಜವಾಬ್ದಾರಿ ಇರುವವರು ಮುಂದಿನ ತೆನೆ ಬಲಿಯುವ ಮೊದಲು ಕಂದಕದ ಹೂಳು ತೆಗೆಸಲಿ, ಬೇಲಿ ಎತ್ತಿ ಕಟ್ಟಿಸಲಿ.