ಅರಿಶಿನದ ದಾರ

ಮಂಗಳೂರಿನ ಯಾವುದಾದರೊಂದು ದೊಡ್ಡ ಆಸ್ಪತ್ರೆಯ ಅರ್ಬುದ ವಿಭಾಗದ ಹೊರಬೆಂಚಿನಲ್ಲಿ ಮುಂಜಾನೆ ಅರೆಗಳಿಗೆ ಕುಳಿತು ನೋಡಿದರೆ, ಪುತ್ತೂರು, ಸುಳ್ಯ, ಕಾಸರಗೋಡುಗಳಿಂದ ಮೊದಲ ಬಸ್ಸಿಗೆ ಹೊರಟು ಬಂದವರು, ಹಳೆಯ ಚೀಟಿಗಳನ್ನೂ ಸ್ಕ್ಯಾನಿನ ಫಿಲ್ಮುಗಳನ್ನೂ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಮಡಿಲಲ್ಲಿ ಭದ್ರವಾಗಿ ಹಿಡಿದು, ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಕನ್ನಡಗಳಲ್ಲಿ ಮೆಲ್ಲನೆ ಮಾತಾಡಿಕೊಳ್ಳುತ್ತಿರುವುದು ಕಿವಿಗೆ ಬೀಳುತ್ತದೆ. ಆದರೆ ಆ ಐದರಲ್ಲಿ ಒಂದರಲ್ಲಿಯೂ ರೋಗದ ಹೆಸರು ಮಾತ್ರ ಕೇಳಿಸದು. ‘ಆ ಕಾಯಿಲೆ’ ಎಂದರೆ ಸಾಕು. ವಿಕಿರಣ ಚಿಕಿತ್ಸೆ ಇವರ ಬಾಯಲ್ಲಿ ‘ಕರೆಂಟು ಕೊಡುವುದು’. ತಾಯಿಯನ್ನು ಹೊರಗೆ ಕೂರಿಸಿ ಒಳಹೊಕ್ಕ ಮಗ ಮೊದಲು ಆಡುವ ಮಾತು, “ಅಮ್ಮನಿಗೆ ಹೇಳಬೇಡಿ ಡಾಕ್ಟ್ರೇ.” ಅಮ್ಮನಿಗೋ, ಬಹುಮಟ್ಟಿಗೆ ಎಲ್ಲವೂ ತಿಳಿದಿರುತ್ತದೆ, ಮಗ ನೊಂದುಕೊಂಡಾನೆಂದು ಅವಳೂ ಸುಮ್ಮನಿರುತ್ತಾಳೆ.

ಈ ಎರಡು ಮೌನಗಳ ನಡುವೆ ಕೂರಬೇಕಾದ ವೈದ್ಯ ಅಲ್ಲಿಗೆ ತಲಪುವ ದಾರಿ ದೀರ್ಘವಾದುದು. ಎಂ.ಬಿ.ಬಿ.ಎಸ್. ಮತ್ತು ಅದರ ತರಬೇತಿಗೆ ಐದೂವರೆ ವರ್ಷ, ಸ್ನಾತಕೋತ್ತರಕ್ಕೆ ಮೂರು, ಅರ್ಬುದದ ಶಸ್ತ್ರಚಿಕಿತ್ಸೆಯನ್ನೋ ಔಷಧೋಪಚಾರವನ್ನೋ ವಿಶೇಷವಾಗಿ ಅಭ್ಯಸಿಸಲು ಮತ್ತೆ ಮೂರು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು, 1848ರಷ್ಟು ಹಿಂದೆ ಆರಂಭವಾದ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಪಾಠ ಕಲಿಯುತ್ತಿರುವುದು ಇಲ್ಲಿಯ ಭಾಗ್ಯವೆಂದೇ ನನ್ನ ಎಣಿಕೆ, ಬಡವನ ಹಾಸಿಗೆಯ ಬಳಿ ನಿಂತು “ಎಂಚ ಉಲ್ಲರ್?” (ಹೇಗಿದ್ದೀರಿ?) ಎಂದು ತುಳುವಿನಲ್ಲಿ ಕೇಳಲು ಕಲಿಯುವುದಕ್ಕೆ ಬೇರೆ ಶಾಲೆಯಿಲ್ಲ.

ಇಂಥ ದಾರಿಯ ಉಜ್ಜ್ವಲ ನಿದರ್ಶನ ದೊರೆಯುವುದು ರಾಜ್ಯದ ಇನ್ನೊಂದು ತುದಿಯಲ್ಲಿ. ಕಲಬುರಗಿಯ ಕೊಳೆಗೇರಿಯೊಂದರಲ್ಲಿ ಬೆಳೆದು, ತರಕಾರಿ ಮಾರುತ್ತಿದ್ದ ತಾಯಿ ಬಿಚ್ಚಿಕೊಟ್ಟ ಮಾಂಗಲ್ಯದ ಬಲದಿಂದ ವೈದ್ಯ ಕಾಲೇಜು ಸೇರಿ, ಕನ್ನಡದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಗ್ರಂಥಗಳು ಒಡ್ಡುವ ತೊಡಕನ್ನು ಹುಬ್ಬಳ್ಳಿಯಲ್ಲಿ ದಾಟಿ, ಬಳ್ಳಾರಿಯಲ್ಲಿ ಶಸ್ತ್ರವೈದ್ಯದ ಪದವಿ ಪಡೆದು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸ್ತನಾರ್ಬುದದ ಶಸ್ತ್ರಚಿಕಿತ್ಸಕಿಯಾಗಿ ಕೀರ್ತಿವೆತ್ತ ಡಾ. ವಿಜಯಲಕ್ಷ್ಮಿ ದೇಶಮಾನೆಯವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ಬಡತನ ಕಂಡವರೆಲ್ಲ ದಯಾಳುಗಳಾಗುವರೆಂದು ಇದರ ಅರ್ಥವಲ್ಲ. ಕಂಡು ಕಲ್ಲಾದವರನ್ನೂ ಬಲ್ಲೆ. ಆದರೆ ತಾಯಿಯ ಮಾಂಗಲ್ಯದ ಬೆಲೆಯನ್ನರಿತವರ ಕಣ್ಣಿಗೆ, ಎದುರು ಕುಳಿತ ಹೆಂಗಸಿನ ಕೊರಳಲ್ಲಿ ಕರಿಮಣಿಯಿದ್ದೆಡೆ ಬರಿಯ ಅರಿಶಿನದ ದಾರವಿದ್ದರೆ, ಚಿಕಿತ್ಸೆಯ ಹಣ ಎಲ್ಲಿಂದ ಬಂತೆಂಬುದು ಕೇಳದೆಯೇ ತಿಳಿಯುತ್ತದೆ.

ಕಾರುಣ್ಯವೆಂಬುದು ಬಹುಪಾಲು ಇಂಥ ಸಣ್ಣ ಗಮನಗಳಲ್ಲಿಯೇ ಇರುವುದು. ಬಾಯಿಯ ಅರ್ಬುದಕ್ಕೆ ಕರೆಂಟು ಕೊಡುವುದೆಂದರೆ ವಾರಕ್ಕೆ ಐದು ದಿನದಂತೆ ಆರೇಳು ವಾರ. ಸುಳ್ಯದ ಕೂಲಿಯಾಳು ಅಷ್ಟು ದಿನ ಎಲ್ಲಿ ತಂಗಬೇಕು, ಗಂಟಲು ಬೆಂದಂತಾಗಿ ಗಂಜಿಯೂ ಇಳಿಯದಾಗ ಯಾರು ನೋಡಿಕೊಳ್ಳಬೇಕು? ವೇಳೆ ಗೊತ್ತುಮಾಡುವ ಮೊದಲು “ನಿಮ್ಮ ಬಸ್ಸು ಎಷ್ಟು ಹೊತ್ತಿಗೆ?” ಎಂದು ವಿಚಾರಿಸುವ ವೈದ್ಯನ ರೋಗಿ ಚಿಕಿತ್ಸೆಯನ್ನು ನಡುವೆ ಬಿಟ್ಟುಹೋಗುವ ಸಂಭವ ಕಡಿಮೆ.

ನಮ್ಮ ಸೀಮೆಯವರಿಗೆ ಹಿತವೆನಿಸದ ಮಾತೊಂದುಂಟು. ಅಡಿಕೆಯೇ ಇಲ್ಲಿಯ ಬಾಳು. ಬೆಳೆಗಾರರ ಕ್ಯಾಂಪ್ಕೊ ಸಂಸ್ಥೆ ಮಂಗಳೂರಿನಲ್ಲಿ ಹುಟ್ಟಿದ್ದೂ ಕಿದ್ವಾಯಿ ಸಂಸ್ಥೆ ಆರಂಭವಾದದ್ದೂ 1973ರಲ್ಲಿಯೇ ಎಂಬುದು ಕಾಲದ ಪರಿಹಾಸ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅರ್ಬುದಕಾರಕವೆಂದು ಹೆಸರಿಸಿತು. ಹೊಗೆಸೊಪ್ಪು ಬೆರೆಯದ ಅಡಿಕೆಯಿಂದ ಕೇಡಿಲ್ಲವೆಂಬುದು ಬೆಳೆಗಾರರ ವಾದ. ಬಚ್ಚಿರೆ (ವೀಳ್ಯದೆಲೆ), ಬಜ್ಜೆಯಿಗಳೊಡನೆ (ಅಡಿಕೆ) ಪುಗೆರೆಯನ್ನು (ಹೊಗೆಸೊಪ್ಪು) ದವಡೆಗೊತ್ತಿ ಮಲಗುವವರ ಪಾಲಿಗಂತೂ ಆ ವಾದದಿಂದ ಪ್ರಯೋಜನವಿಲ್ಲ.

ಮನೆಯಲ್ಲಿ ಯಾರಿಗಾದರೂ ಬಾಯಿಯ ಹುಣ್ಣು ಮೂರು ವಾರ ಕಳೆದರೂ ಮಾಯದಿದ್ದರೆ, ನೋವಿಲ್ಲವೆಂದು ತಡಮಾಡದೆ, ನಾಳೆಯೇ ವೈದ್ಯರಿಗೆ ತೋರಿಸಿರಿ.