ಪಟ್ಟಿಯ ಹೆಸರು, ಬಳಕೆಯ ಹೆಸರು: ಜಾತಿಯ ಕಾನೂನು ಮಾನ್ಯತೆ ಮತ್ತು ಕನ್ನಡ ಸಂಶೋಧನೆ

ಜಾತಿಗಳ ಹೆಸರುಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಪದದ ನಿಷ್ಪತ್ತಿ, ಶಾಸನಗಳ ಉಲ್ಲೇಖ, ಕುಲಪುರಾಣ ಹಾಗೂ ವೃತ್ತಿಸಂಬಂಧಗಳ ಸುತ್ತ ಬೆಳೆದಿವೆ. ಆದರೆ 1950ರ ನಂತರ ಈ ಹೆಸರುಗಳಲ್ಲಿ ಹಲವು ಮತ್ತೊಂದು ಪಾತ್ರವನ್ನೂ ವಹಿಸತೊಡಗಿದವು. ಸಂವಿಧಾನದ 341 ಮತ್ತು 342ನೆಯ ವಿಧಿಗಳನ್ವಯ ಹೊರಟ ಆದೇಶಗಳಲ್ಲಿ ಸೇರಿದೊಡನೆ ಅವು ಶಿಕ್ಷಣ, ಉದ್ಯೋಗ ಮತ್ತು ಶಾಸನಸಭೆಗಳಲ್ಲಿ ಮೀಸಲಾತಿಯನ್ನು ಪಡೆಯುವ ಅರ್ಹತೆಯನ್ನು ನಿರ್ಧರಿಸುವ ಪದಗಳಾದವು. ಒಂದು ಹೆಸರು ಪಟ್ಟಿಯಲ್ಲಿದೆಯೇ, ಯಾವ ರೂಪದಲ್ಲಿದೆ, ಯಾರನ್ನು ಸೂಚಿಸುತ್ತದೆ ಎಂಬ ಪ್ರಶ್ನೆಗಳಿಗೆ ನ್ಯಾಯಾಲಯಗಳು ಕೊಟ್ಟ ಉತ್ತರಗಳನ್ನು ಪರಿಶೀಲಿಸಿ, ಅವು ಕನ್ನಡ ಸಂಶೋಧಕರ ಮೇಲೆ ಹೊರಿಸುವ ಹೊಣೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಮುಚ್ಚಿದ ಪಠ್ಯವಾಗಿ ಪಟ್ಟಿ

ಪರಿಶಿಷ್ಟ ಜಾತಿಗಳ ಆದೇಶ 1950ರ ಆಗಸ್ಟ್ 10ರಂದೂ ಪರಿಶಿಷ್ಟ ಪಂಗಡಗಳ ಆದೇಶ ಅದೇ ವರ್ಷದ ಸೆಪ್ಟೆಂಬರ್ 6ರಂದೂ ಹೊರಬಿದ್ದವು. ರಾಷ್ಟ್ರಪತಿಗಳು ಹೊರಡಿಸಿದ ಪಟ್ಟಿಗೆ ಸೇರಿಸುವ ಅಥವಾ ಅದರಿಂದ ತೆಗೆಯುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ರಾಜ್ಯ ಸರ್ಕಾರಕ್ಕಾಗಲಿ, ತಹಶೀಲ್ದಾರರಿಗಾಗಲಿ, ನ್ಯಾಯಾಲಯಕ್ಕಾಗಲಿ ಒಂದು ಹೆಸರನ್ನು ಅದರೊಳಗೆ ಓದಿಕೊಳ್ಳುವ ಅಧಿಕಾರವಿಲ್ಲ.

ಈ ತತ್ತ್ವ 1965ರ ಭೈಯಾಲಾಲ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಮಧ್ಯಪ್ರದೇಶದ ಮೀಸಲು ಕ್ಷೇತ್ರವೊಂದರಿಂದ ಗೆದ್ದ ಅಭ್ಯರ್ಥಿ ದೋಹರ್ ಜಾತಿಗೆ ಸೇರಿದವರೆಂದೂ, ದೋಹರ್ ಎಂಬುದು ಪಟ್ಟಿಯಲ್ಲಿರುವ ಚಮಾರ್ ಜಾತಿಯ ಉಪಜಾತಿಯೆಂದೂ ವಾದಿಸಲಾಗಿತ್ತು. ಆದೇಶದಲ್ಲಿ ಇಲ್ಲದ ಜಾತಿಯೊಂದು ಅಲ್ಲಿರುವ ಜಾತಿಯ ಭಾಗವೇ ಎಂಬ ವಿಚಾರಣೆಗೆ ಅವಕಾಶವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮಹಾರಾಷ್ಟ್ರದ ಹಲ್ಬಾ-ಕೋಷ್ಟಿ ಸಮುದಾಯವನ್ನು ಕುರಿತ 2000ದ ಮಿಲಿಂದ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನೇ ದೃಢಪಡಿಸಿತು: ಆದೇಶವನ್ನು ಇದ್ದಂತೆಯೇ ಓದಬೇಕು. ವೈದ್ಯಕೀಯ ಶಿಕ್ಷಣವನ್ನು ಆಗಲೇ ಮುಗಿಸಿದ್ದ ಅಭ್ಯರ್ಥಿಯ ಪದವಿಯನ್ನು ಪೀಠ ಉಳಿಸಿತು. ಮುಂದಕ್ಕೆ ಪಂಗಡದ ಸೌಲಭ್ಯ ಕೇಳುವಂತಿಲ್ಲವೆಂದಿತು. ಇಂತಹ ರಿಯಾಯಿತಿ ಎಲ್ಲರಿಗೂ ಸಲ್ಲುವ ನಿಯಮವಲ್ಲ ಎಂಬುದನ್ನು 2017ರ ತೀರ್ಪೊಂದು ಸ್ಪಷ್ಟಪಡಿಸಿತು.

ಭಾಷಾ ವಿದ್ಯಾರ್ಥಿಗೆ ಈ ನಿಲುವು ಕಠಿಣವಾಗಿ ಕಾಣುವುದು ಸಹಜ. ಪರ್ಯಾಯ ಪದ, ಪ್ರಾದೇಶಿಕ ಭೇದ, ಧ್ವನಿವ್ಯತ್ಯಾಸಗಳು ಭಾಷೆಯ ಸ್ವಭಾವವೇ ಆಗಿವೆ. ಕಾನೂನು ಅವನ್ನು ನಿರಾಕರಿಸುವುದಿಲ್ಲ. ಅವುಗಳನ್ನು ಮಾನ್ಯ ಮಾಡುವ ಸ್ಥಳ ನ್ಯಾಯಾಲಯವಲ್ಲ, ಸಂಸತ್ತು ಎಂದಷ್ಟೇ ಹೇಳುತ್ತದೆ.

2. ಭೋವಿ: ಅಪವಾದವೊಂದರ ಪಾಠ

ಈ ನಿಯಮಕ್ಕೆ ಮುಖ್ಯ ಅಪವಾದ ದೊರೆತದ್ದು ಕನ್ನಡನಾಡಿನ ಒಂದು ಪದದಿಂದ ಎಂಬುದು ಗಮನಾರ್ಹ. 1962ರ ಚುನಾವಣೆಯಲ್ಲಿ ಬೆಂಗಳೂರು ದಕ್ಷಿಣದ ಮೀಸಲು ಕ್ಷೇತ್ರದಿಂದ ಮೈಸೂರು ವಿಧಾನಸಭೆಗೆ ಆಯ್ಕೆಯಾದ ಡಿ. ಮುನಿಚಿನ್ನಪ್ಪ ಅವರು ವಡ್ಡರ ಜಾತಿಯವರು, ಪಟ್ಟಿಯಲ್ಲಿರುವುದು ಭೋವಿ, ಆದ್ದರಿಂದ ಆಯ್ಕೆ ಅಸಿಂಧು ಎಂದು ಬಿ. ಬಸವಲಿಂಗಪ್ಪ ಅವರು ಪ್ರಶ್ನಿಸಿದ್ದರು. ಸರ್ವೋಚ್ಚ ನ್ಯಾಯಾಲಯ 1964ರಲ್ಲಿ ಈ ಪ್ರಕರಣವನ್ನು ತೀರ್ಮಾನಿಸಿತು.

ಹಿಂದಿನ ಮೈಸೂರು ಸಂಸ್ಥಾನದಲ್ಲಿ 1950ಕ್ಕೆ ಮುನ್ನ 'ಭೋವಿ' ಎಂಬ ಪ್ರತ್ಯೇಕ ಜಾತಿ ಇರಲಿಲ್ಲ. ಸಮುದಾಯದ ಸಮ್ಮೇಳನವೊಂದರ ಕೋರಿಕೆಯ ನಂತರ ಸಂಸ್ಥಾನದ ಸರ್ಕಾರ 1946ರಲ್ಲಿ ವಡ್ಡರ ಹೆಸರನ್ನು 'ಬೋಯಿ' ಎಂದು ಬದಲಾಯಿಸಿ ಆದೇಶಿಸಿತ್ತು. ಪಟ್ಟಿಯಲ್ಲಿ ಒಂದು ಹೆಸರಿದ್ದು, ಆ ಹೆಸರಿನ ಜನರೇ ಇಲ್ಲವೆಂದಾದರೆ ಆ ಪದ ನಿರರ್ಥಕವಾಗುತ್ತದೆ. ಆದ್ದರಿಂದ ಅದು ಯಾರನ್ನು ಸೂಚಿಸುತ್ತದೆಂದು ತಿಳಿಯಲು ಸಾಕ್ಷ್ಯವನ್ನು ನೋಡುವುದು ಅನಿವಾರ್ಯವೆಂದು ನ್ಯಾಯಾಲಯ ಒಪ್ಪಿ, ಆಯ್ಕೆಯನ್ನು ಎತ್ತಿಹಿಡಿಯಿತು.

ಇಲ್ಲಿ ಎರಡು ಅಂಶಗಳನ್ನು ಗುರುತಿಸಬಹುದು. ಒಂದು, 'ಬೋಯಿ' ಪದಕ್ಕೆ ಪಲ್ಲಕ್ಕಿ ಹೊರುವವನು ಎಂಬ ನಿಘಂಟಿನ ಅರ್ಥವಿದ್ದರೂ ತೀರ್ಪು ನಿಂತದ್ದು ಆ ಅರ್ಥದ ಮೇಲಲ್ಲ, ಒಂದು ಕಾಲ ಮತ್ತು ಪ್ರದೇಶದಲ್ಲಿ ಆ ಹೆಸರಿನಿಂದ ಯಾರನ್ನು ಕರೆಯಲಾಗುತ್ತಿತ್ತು ಎಂಬ ದಾಖಲೆಯ ಮೇಲೆ. ಎರಡು, ಬೋಯಿ-ಭೋವಿ ಎಂಬ ಅಕ್ಷರಭೇದ ಅರ್ಹತೆಗೆ ಅಡ್ಡಿಯಾಗಲಿಲ್ಲ. ಸಂಸ್ಥಾನದ ಆ ಆದೇಶ ಉಳಿದು ಬಾರದಿದ್ದರೆ ಸಮುದಾಯವೊಂದರ ಹಕ್ಕನ್ನು ಸಾಧಿಸುವುದು ಬಹಳ ಕಷ್ಟವಾಗುತ್ತಿತ್ತು.

3. ಒಂದು ಪದ, ಹಲವು ಸಮುದಾಯಗಳು

ಭೋವಿ ಪ್ರಕರಣದಲ್ಲಿ ಎರಡು ಹೆಸರುಗಳು ಒಂದೇ ಸಮುದಾಯವನ್ನು ಸೂಚಿಸಿದವು. ಇದಕ್ಕೆ ವಿರುದ್ಧವಾದ ಸಮಸ್ಯೆ ಇನ್ನೂ ಜಟಿಲವಾದುದು.

'ನಾಯಕ' ಪದವನ್ನು ನೋಡಬಹುದು. 1991ರ ತಿದ್ದುಪಡಿಯ ಮೂಲಕ ನಾಯ್ಕಡ, ನಾಯಕ ಹೆಸರುಗಳ ಜೊತೆಗೆ ನಾಯಕ್, ಬೇಡ, ಬೇಡರ್, ವಾಲ್ಮೀಕಿ ಮೊದಲಾದ ರೂಪಗಳು ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದವು. ಆದರೆ 'ನಾಯಕ' ಎಂಬುದು ಕರಾವಳಿಯ ಗೌಡ ಸಾರಸ್ವತರಲ್ಲಿ ಮನೆತನದ ಹೆಸರು, ಉತ್ತರ ಕನ್ನಡದ ನಾಡವರಲ್ಲೂ ಹೆಸರಿನ ಜೊತೆ ಬರುವ ಪದ, ಬಂಜಾರರ ತಾಂಡಾದಲ್ಲಿ ಮುಖ್ಯಸ್ಥನ ಪದವಿ. ಇವರಾರೂ ಪಟ್ಟಿಯ 'ನಾಯಕ' ಅಲ್ಲ. 2020ರಲ್ಲಿ ನಾಯಕದ ಜೊತೆ ಸೇರ್ಪಡೆಯಾದ 'ತಳವಾರ' ಪದವೂ ಇಂಥದೇ. ತಳವಾರಿಕೆ ಗ್ರಾಮದ ಕಾವಲಿನ ಹುದ್ದೆ. ಅದನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಜಾತಿಯವರು ನಿರ್ವಹಿಸಿದ್ದಾರೆ. ಹುದ್ದೆಯಿಂದ ಬಂದ ಹೆಸರಷ್ಟೇ ಪಂಗಡದ ಗುರುತಾಗಲಾರದು.

'ಬೇಡ ಜಂಗಮ'ದ ವಿವಾದ ವ್ಯುತ್ಪತ್ತಿಯ ಮಿತಿಯನ್ನೇ ತೋರುತ್ತದೆ. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಹೆಸರುಗಳು ಜೊತೆಯಾಗಿವೆ. ಇದು ತೆಲುಗು ಮಾತನಾಡುವ ಅಲೆಮಾರಿ ಸಮುದಾಯ. 1976ರ ತಿದ್ದುಪಡಿ ಕಾಯಿದೆ ರಾಜ್ಯದೊಳಗಿನ ಪ್ರದೇಶ ನಿರ್ಬಂಧಗಳನ್ನು ಬಹುಮಟ್ಟಿಗೆ ತೆಗೆದುಹಾಕಿದ ಮೇಲೆ, ವೀರಶೈವ ಜಂಗಮರಲ್ಲಿ ಕೆಲವರು 'ಬೇಡು' ಧಾತುವನ್ನು ಮುಂದಿಟ್ಟು, ಭಿಕ್ಷೆ ಬೇಡುವ ಜಂಗಮರೆಲ್ಲ ಬೇಡ ಜಂಗಮರೆಂದು ವಾದಿಸಿದರು. ಧಾತುವಿನ ಅರ್ಥ ಸರಿಯಿರಬಹುದು. ಆದರೆ ಭಿಕ್ಷೆ ಒಂದು ಧಾರ್ಮಿಕ ಆಚಾರವಾಗಿರುವ ಗುರುವರ್ಗಕ್ಕೂ, ಅದೇ ಬದುಕಿನ ಆಧಾರವಾಗಿ ಅಸ್ಪೃಶ್ಯತೆಯನ್ನು ಅನುಭವಿಸಿದ ಅಲೆಮಾರಿಗಳಿಗೂ ಧಾತುವೊಂದು ಸಂಬಂಧ ಕಲ್ಪಿಸಲಾರದು. ಅಂತಹ ಪ್ರಮಾಣಪತ್ರವೊಂದು ಸಿಂಧುವಾದರೆ ನಷ್ಟವಾಗುವುದು ಪಟ್ಟಿಯಲ್ಲಿದ್ದೂ ಶಾಲೆಯ ಬಾಗಿಲನ್ನು ಕಾಣದ ಅಲೆಮಾರಿ ಮಕ್ಕಳಿಗೆ.

ವಿಶೇಷಣವೇ ಗುರುತನ್ನು ಹೊರುವ ಉದಾಹರಣೆಗಳೂ ಇವೆ. ಜೇನು ಕುರುಬ, ಕಾಡು ಕುರುಬ ಸಮುದಾಯಗಳು ರಾಜ್ಯಾದ್ಯಂತ ಪರಿಶಿಷ್ಟ ಪಂಗಡಗಳು. ಬರಿಯ 'ಕುರುಬ' ಪಟ್ಟಿಯಲ್ಲಿರುವುದು ಕೊಡಗು ಜಿಲ್ಲೆಗೆ ಸೀಮಿತವಾಗಿ. 'ಬೆಟ್ಟ ಕುರುಬ' ಎಂಬ ರೂಪವನ್ನು ಕಾಡು ಕುರುಬದ ಪರ್ಯಾಯವಾಗಿ ಸೇರಿಸುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದ್ದು 2022ರ ಡಿಸೆಂಬರ್‌ನಲ್ಲಿ. ಅದುವರೆಗೆ ತಮ್ಮನ್ನು ಬೆಟ್ಟ ಕುರುಬರೆಂದೇ ಕರೆದುಕೊಳ್ಳುತ್ತಿದ್ದವರು ಪ್ರಮಾಣಪತ್ರಕ್ಕಾಗಿ ಮತ್ತೊಂದು ಹೆಸರನ್ನು ಹೇಳಬೇಕಿತ್ತು.

ಇನ್ನು 'ಆದಿ ಕರ್ನಾಟಕ', 'ಆದಿ ದ್ರಾವಿಡ' ಹೆಸರುಗಳು ಅವಮಾನದ ಹೆಸರುಗಳಿಗೆ ಬದಲಾಗಿ ಸ್ವಾಭಿಮಾನದ ಗುರುತಾಗಿ ಬಳಕೆಗೆ ಬಂದವು. ಆದರೆ ಹೊಲೆಯ ಮತ್ತು ಮಾದಿಗ ಎರಡೂ ಸಮುದಾಯದವರು ಅವನ್ನು ಬಳಸಿದ್ದರಿಂದ ಒಳಮೀಸಲಾತಿಯ ಸಂದರ್ಭದಲ್ಲಿ ಅವು ತೊಡಕಾದವು. ಪರಿಶಿಷ್ಟ ಜಾತಿಗಳ ಒಳವರ್ಗೀಕರಣವನ್ನು ಸರ್ವೋಚ್ಚ ನ್ಯಾಯಾಲಯ 2024ರ ಆಗಸ್ಟ್ 1ರಂದು ಮಾನ್ಯ ಮಾಡಿದ ನಂತರ, 2025ರಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ರಾಜ್ಯದ 101 ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಸಿದಾಗ ಈ ಹೆಸರುಗಳ ಹಿಂದಿನ ಮೂಲಜಾತಿಯನ್ನು ಕೇಳಿ ದಾಖಲಿಸಬೇಕಾಯಿತು. ಘನತೆಗಾಗಿ ಆರಿಸಿಕೊಂಡ ಹೆಸರನ್ನು ಹಕ್ಕಿಗಾಗಿ ಬಿಡಿಸಿ ಹೇಳಬೇಕಾದ ಈ ಸ್ಥಿತಿ ಜಾತಿವ್ಯವಸ್ಥೆಯ ಕ್ರೌರ್ಯವನ್ನೂ ಸೂಚಿಸುತ್ತದೆ.

4. ಸಂಶೋಧನೆಯ ಹೊಣೆ

ಕರ್ನಾಟಕದಲ್ಲಿ ಜಾತಿ ಪ್ರಮಾಣಪತ್ರವನ್ನು ತಹಶೀಲ್ದಾರರು ನೀಡುತ್ತಾರೆ. ಅದರ ಸಿಂಧುತ್ವವನ್ನು ಜಿಲ್ಲಾ ಜಾತಿ ಪರಿಶೀಲನಾ ಸಮಿತಿ ಪರಿಶೀಲಿಸುತ್ತದೆ. 1994ರ ಮಾಧುರಿ ಪಾಟೀಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶೀಲನೆಯ ಕ್ರಮವನ್ನು ವಿವರಿಸುವಾಗ ಶಾಲಾ ದಾಖಲೆಗಳ ಜೊತೆಗೆ ಆಚರಣೆ, ದೈವ, ಮದುವೆ ಹಾಗೂ ಶವಸಂಸ್ಕಾರದ ಪದ್ಧತಿಗಳನ್ನೂ ಗಮನಿಸಬೇಕೆಂದು ಹೇಳಿತು. ಇವು ನಮ್ಮ ಜಾನಪದ ಅಧ್ಯಯನಗಳ ವಸ್ತುವೇ ಆಗಿವೆ. ಪಟ್ಟಿಗೆ ಹೊಸ ಹೆಸರು ಸೇರಬೇಕಾದರೂ ರಾಜ್ಯ ಸರ್ಕಾರದ ಶಿಫಾರಸಿಗೆ ಕುಲಶಾಸ್ತ್ರೀಯ ಅಧ್ಯಯನದ ಬೆಂಬಲ ಬೇಕು. ನಂತರ ಭಾರತದ ರಿಜಿಸ್ಟ್ರಾರ್ ಜನರಲ್ ಹಾಗೂ ಸಂಬಂಧಿತ ರಾಷ್ಟ್ರೀಯ ಆಯೋಗದ ಅಭಿಪ್ರಾಯ ಪಡೆದು ಮಸೂದೆ ಸಂಸತ್ತಿಗೆ ಹೋಗುತ್ತದೆ. ಹೀಗಾಗಿ ಪಿಎಚ್.ಡಿ. ಮಹಾಪ್ರಬಂಧದ ಒಂದು ವಾಕ್ಯ ಗ್ರಂಥಾಲಯದಲ್ಲಿಯೇ ಉಳಿಯುತ್ತದೆಂದು ಭಾವಿಸುವಂತಿಲ್ಲ. 'ಈ ಎರಡೂ ಒಂದೇ' ಎಂದು ಪದಸಾಮ್ಯದ ಆಧಾರದಿಂದ ಬರೆದ ಮಾತು ನಾಳೆ ಯಾರದೋ ಅರ್ಜಿಯ ಲಗತ್ತಾಗಬಹುದು.

ಈ ಹಿನ್ನೆಲೆಯಲ್ಲಿ ಸಮುದಾಯಗಳ ಅಧ್ಯಯನದಲ್ಲಿ ಕೆಲವು ಎಚ್ಚರಗಳು ಅಗತ್ಯ. ಸಮುದಾಯ ತನ್ನನ್ನು ಕರೆದುಕೊಳ್ಳುವ ಹೆಸರು, ಇತರರು ಕರೆಯುವ ಹೆಸರು, ಹುದ್ದೆಯ ಹೆಸರು ಮತ್ತು ಮನೆತನದ ಹೆಸರುಗಳನ್ನು ಬೇರೆ ಬೇರೆಯಾಗಿ ದಾಖಲಿಸಬೇಕು. ಹೆಸರು ಬಳಕೆಯಲ್ಲಿರುವ ಊರು ಮತ್ತು ಕಾಲವನ್ನು ನಮೂದಿಸಬೇಕು. ರೋಮನ್ ಲಿಪಿಯಿಂದ ಮರಳಿ ಬಂದ ರೂಪವನ್ನು ಜನರ ಉಚ್ಚಾರಣೆಯೊಡನೆ ಹೋಲಿಸಬೇಕು. ಕೊಳುಕೊಡೆ, ಬೆಡಗು, ಕುಲಪಂಚಾಯಿತಿ ಇವುಗಳ ಆಧಾರವಿಲ್ಲದೆ ಎರಡು ಸಮುದಾಯಗಳನ್ನು ಒಂದೆಂದು ನಿರ್ಣಯಿಸಬಾರದು.

ಪಟ್ಟಿಯ ಪದವನ್ನು ಹಿಗ್ಗಿಸುವ ಅಧಿಕಾರ ಭಾಷಾಶಾಸ್ತ್ರಕ್ಕಿಲ್ಲ. ಆ ಪದ ಯಾರದೆಂದು ದಾಖಲೆಯ ಸಮೇತ ಹೇಳುವ ಸಾಮರ್ಥ್ಯ ಅದಕ್ಕಿದೆ. ಹೆಸರು ತಪ್ಪಿದ್ದರಿಂದ ಹೊರಗುಳಿದವರಿಗೂ, ಹೆಸರಿನ ಸಾಮ್ಯದಿಂದ ಪಾಲು ಕಳೆದುಕೊಳ್ಳುವವರಿಗೂ ಅಂತಹ ದಾಖಲೆಯೇ ಆಧಾರ. ಕನ್ನಡ ವಿಭಾಗಗಳ ಕ್ಷೇತ್ರಕಾರ್ಯ ಇವರಿಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಸಾಗಬೇಕಾಗಿದೆ.